ರಟ್ಟಿಲ್ಲದ ಮಗ್ಗ, ಲಿಪಿಯಿಲ್ಲದ ಕಂಪ್ಯೂಟರ್

ಹಳೆಯ ಕಂಪ್ಯೂಟರುಗಳನ್ನು ಹುಡುಕಿ ತರುವುದು, ಬಿಚ್ಚಿ ರಿಪೇರಿ ಮಾಡುವುದು, ತಮ್ಮಲ್ಲಿ ಎರಡಿದ್ದರೆ ಒಂದನ್ನು ಕೊಟ್ಟು ಇಲ್ಲದ್ದೊಂದನ್ನು ಪಡೆಯುವುದು ಈಗ ಒಂದು ಹವ್ಯಾಸವಾಗಿ ಬೆಳೆದಿದೆ. ಅಂಚೆಚೀಟಿ, ಹಳೆ ನಾಣ್ಯ, ಗ್ರಾಮಾಫೋನ್ ತಟ್ಟೆಗಳ ಸಾಲಿಗೆ ಇದೂ ಸೇರಿಕೊಂಡಿದೆ. ‘ವಿಂಟೇಜ್ ಕಂಪ್ಯೂಟರ್ ಫೆಸ್ಟಿವಲ್’ ಎಂಬ ಜಾತ್ರೆ 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾಯಿತು. ಆನಂತರ ಬೇರೆ ಊರುಗಳಲ್ಲೂ ಅಂಥವು ನಡೆದವು. ನಮ್ಮ ಮಹಾನಗರಗಳಲ್ಲೂ ಇದರ ಗೀಳು ಹಚ್ಚಿಕೊಂಡವರಿದ್ದಾರೆ. ಕೆಟ್ಟದ್ದನ್ನು ಬಿಸಾಡದೆ ಎದುರಿಗಿಟ್ಟುಕೊಂಡು ಕೂರುವ ತಾಳ್ಮೆ ಈ ಕಾಲದಲ್ಲಿ ಅಪರೂಪವೇ ಆದ್ದರಿಂದ ಇವರನ್ನು ನಾವು ಗೌರವದಿಂದಲೇ ನೋಡುತ್ತೇವೆ. ಆದರೆ ಕತೆ ಬರೆಯುವವರಾಗಿ, ಉರ್ದು ಮತ್ತು ಕನ್ನಡ ಎರಡೂ ಶಾಲೆಗಳ ಮಣೆಯ ಮೇಲೆ ಕುಳಿತೆದ್ದವರಾಗಿ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ನಿಂತು ನೋಡಿದಾಗ ಈ ಹವ್ಯಾಸದ ಅಭಿರುಚಿಯ ಬಗ್ಗೆ ನಮ್ಮದೊಂದು ತಕರಾರಿದೆ. ಅದನ್ನು ಇಲ್ಲಿ ಹೇಳಬೇಕಾಗಿದೆ.

ಸಂಗ್ರಾಹಕರು ಏನನ್ನು ಬೆಲೆಯುಳ್ಳದ್ದು ಎನ್ನುತ್ತಾರೆ ಎಂಬುದನ್ನು ಮೊದಲು ನೋಡೋಣ. 1976ರಲ್ಲಿ ಸುಮಾರು 200ರಷ್ಟು ತಯಾರಾದ ‘ಆ್ಯಪಲ್-1’ ಎಂಬ ಯಂತ್ರದ ಅಂದಿನ ಬೆಲೆ 666 ಡಾಲರ್ ಚಿಲ್ಲರೆ. 2014ರ ಅಕ್ಟೋಬರ್‌ನಲ್ಲಿ ಅಂಥದ್ದೊಂದನ್ನು ಅಮೆರಿಕದ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯವು ಹರಾಜಿನಲ್ಲಿ 9 ಲಕ್ಷ 5 ಸಾವಿರ ಡಾಲರಿಗೆ ಕೊಂಡಿತು. ಅದರ ಕೆಳಗಿನ ಮೆಟ್ಟಿಲಲ್ಲಿ 1982ರ ‘ಕಮೊಡೋರ್ 64’, ಅದೇ ವರ್ಷದ ‘ಸ್ಪೆಕ್ಟ್ರಮ್’, 1981ರ ‘ಬಿಬಿಸಿ ಮೈಕ್ರೋ’ ಇವೆ. ಪೆಟ್ಟಿಗೆಯ ಮೂಲ ರಟ್ಟಿನ ಡಬ್ಬಿ ಇದ್ದರೆ ಬೆಲೆ ಹೆಚ್ಚು, ಪ್ಲಾಸ್ಟಿಕ್ ಹಳದಿಯಾಗಿದ್ದರೆ ಕಡಿಮೆ. ಹಳದಿಯಾದ ಪ್ಲಾಸ್ಟಿಕ್ಕಿಗೆ ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಲ್ಲಿಟ್ಟು ಮತ್ತೆ ಬೆಳ್ಳಗೆ ಮಾಡುವ ಉಪಾಯವೊಂದು 2008ರಿಂದ ಬಹಳ ಜನಪ್ರಿಯವಾಯಿತು. ಮುದುಕನ ಗಡ್ಡಕ್ಕೆ ಮೆಹಂದಿ ಹಚ್ಚಿದಂತೆ! ತಪ್ಪೇನಿಲ್ಲ. ಆದರೆ ಈ ಮಾತುಕತೆಯಲ್ಲಿ ಎಲ್ಲಿಯೂ ಬಾರದ ಪ್ರಶ್ನೆಯೊಂದಿದೆ. ಈ ಯಂತ್ರದಲ್ಲಿ ಯಾರು, ಯಾವ ಭಾಷೆಯಲ್ಲಿ, ಏನನ್ನು ಬರೆದರು? ಬಾಲ್ಯದಲ್ಲಿ ಆಡಿದ ಆಟವನ್ನು ಮತ್ತೆ ಆಡುವ ಆಸೆ ಈ ಹವ್ಯಾಸದ ದೊಡ್ಡ ಪ್ರೇರಣೆ. ಇಂಗ್ಲೆಂಡಿನ ಹುಡುಗನಿಗೆ ‘ಸ್ಪೆಕ್ಟ್ರಮ್’ ಬಾಲ್ಯವಾಗಿರಬಹುದು. ಜಮಖಂಡಿಯ ಹುಡುಗನ ಬಾಲ್ಯದಲ್ಲಿ ಅದು ಎಲ್ಲಿತ್ತು? 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಯೋಜನೆಯಡಿ ಶಾಲೆಗಳಿಗೆ ಬಿಬಿಸಿ ಮೈಕ್ರೋಗಳನ್ನು ಕೊಡಲಾರಂಭಿಸಿತು ನಿಜ. ದೇಶಕ್ಕೆ ಮೊದಲ ಹಂತದಲ್ಲಿ ಕೆಲವು ನೂರು ಶಾಲೆಗಳೆಂದರೆ ನಮ್ಮ ಉರ್ದು ಪ್ರಾಥಮಿಕ ಶಾಲೆಯ ಸರದಿ ಬರಲು ಎಷ್ಟು ವರ್ಷ ಬೇಕಿತ್ತೆಂದು ಓದುಗರೇ ಲೆಕ್ಕ ಹಾಕಬಹುದು. ಬೇರೆಯವರ ಬಾಲ್ಯವನ್ನು ದುಡ್ಡು ಕೊಟ್ಟು ತಂದು ನಮ್ಮ ಕಪಾಟಿನಲ್ಲಿಟ್ಟುಕೊಳ್ಳುವುದನ್ನು ಹವ್ಯಾಸವೆನ್ನಬಹುದು. ಅದನ್ನೇ ಇತಿಹಾಸ ಉಳಿಸುವ ಕೆಲಸವೆಂದು ಕರೆದಾಗ ನಮಗೆ ಕಸಿವಿಸಿಯಾಗುತ್ತದೆ.

ಹಾಗಾದರೆ ನಮ್ಮ ಸೀಮೆಗೆ ಈ ಯಂತ್ರದ ಇತಿಹಾಸದಲ್ಲಿ ಜಾಗವೇ ಇಲ್ಲವೆ? ಇದೆ, ಅದೂ ಸಾಕಷ್ಟು ಮೇಲೆಯೇ ಇದೆ. ಅದನ್ನು ಕಾಣಲು ಬನಹಟ್ಟಿಯ ಓಣಿಗೆ ಹೋಗಬೇಕು.

ರಬಕವಿ-ಬನಹಟ್ಟಿ ನೇಕಾರರ ಊರು. ಮಗ್ಗಗಳ ಖಟಖಟ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸದ ಓಣಿಗಳು ಅಲ್ಲಿವೆ. ಸೀರೆಯ ಅಂಚು, ಸೆರಗುಗಳಲ್ಲಿ ಹೂವು ಬಳ್ಳಿ ತೆಗೆಯಬೇಕಾದರೆ ಮಗ್ಗದ ಮೇಲೆ ಜಕಾರ್ಡ್ ಎಂಬ ಸಲಕರಣೆ ಬೇಕು. ತೂತು ಹೊಡೆದ ರಟ್ಟುಗಳನ್ನು ದಾರದಿಂದ ಒಂದಕ್ಕೊಂದು ಪೋಣಿಸಿ ಮಾಲೆಯಂತೆ ಮೇಲಿಂದ ಇಳಿಬಿಟ್ಟಿರುತ್ತಾರೆ. ಹೊಕ್ಕಿನ ಒಂದೊಂದು ಎಳೆಗೂ ಒಂದೊಂದು ರಟ್ಟು. ರಟ್ಟಿನಲ್ಲಿ ತೂತಿದ್ದ ಕಡೆ ಸೂಜಿ ಒಳಗೆ ಹೋಗುತ್ತದೆ, ಅದಕ್ಕೆ ಸೇರಿದ ಹಾಸಿನ ಎಳೆ ಮೇಲಕ್ಕೇಳುತ್ತದೆ. ತೂತಿಲ್ಲದ ಕಡೆ ಸೂಜಿ ಹಿಂದಕ್ಕೆ ಸರಿದು ಎಳೆ ಕೆಳಗೇ ಉಳಿಯುತ್ತದೆ. ಹೌದು ಅಥವಾ ಇಲ್ಲ, ಇಷ್ಟೇ. ಈ ಎರಡೇ ಮಾತಿನಿಂದ ಒಂದು ಇಡೀ ನವಿಲು ಸೆರಗಿನ ಮೇಲೆ ಬಂದು ಕೂರುತ್ತದೆ.

ಫ್ರಾನ್ಸಿನ ಲಿಯೋಂ ಪಟ್ಟಣದ ಜೋಸೆಫ್ ಮರಿ ಜಕಾರ್ಡ್ ಈ ಸಲಕರಣೆಯನ್ನು 1804ರ ಸುಮಾರಿಗೆ ರೂಢಿಗೆ ತಂದ. 1839ರಲ್ಲಿ ಅದೇ ಪಟ್ಟಣದ ನೇಕಾರರು ಸುಮಾರು 24 ಸಾವಿರ ರಟ್ಟುಗಳನ್ನು ಬಳಸಿ ಅವನದೇ ಚಿತ್ರವನ್ನು ರೇಷ್ಮೆಯಲ್ಲಿ ನೇಯ್ದರು. ಅದರ ಒಂದು ಪ್ರತಿ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಬಳಿ ಇತ್ತು. ಲೆಕ್ಕ ಮಾಡುವ ಯಂತ್ರವನ್ನು ಕಲ್ಪಿಸಿಕೊಂಡಿದ್ದ ಆತ ಅದಕ್ಕೆ ಆದೇಶ ಕೊಡುವ ಬಗೆಯನ್ನು ಈ ರಟ್ಟುಗಳಿಂದಲೇ ತೆಗೆದುಕೊಂಡ. 1843ರಲ್ಲಿ ಆ ಯಂತ್ರದ ಬಗ್ಗೆ ಟಿಪ್ಪಣಿ ಬರೆದ ಏಡಾ ಲವ್‌ಲೇಸ್ ಕೂಡ ಜಕಾರ್ಡ್ ಮಗ್ಗದ ಹೂವು ಎಲೆಗಳನ್ನೇ ಹೋಲಿಕೆಯಾಗಿ ತಂದಳು. ಮುಂದೆ 1890ರಲ್ಲಿ ಹರ್ಮನ್ ಹಾಲೆರಿತ್ ಅಮೆರಿಕದ ಜನಗಣತಿಯನ್ನು ತೂತಿನ ಕಾರ್ಡುಗಳಲ್ಲಿ ಎಣಿಸಿದ. ಅವನ ಕಂಪನಿಯೂ ಸೇರಿ ಆದ ಐಬಿಎಂ 1928ರಲ್ಲಿ 80 ಸಾಲಿನ ಕಾರ್ಡನ್ನು ತಂದು ಅರ್ಧ ಶತಮಾನ ಜಗತ್ತಿನ ಕಚೇರಿಗಳನ್ನು ಆಳಿತು. ಇದೇ ವಂಶದ ಹಿರಿಯನನ್ನು ಬನಹಟ್ಟಿಯ ನೇಕಾರ ಇಂದಿಗೂ ಹೊಟ್ಟೆಪಾಡಿಗಾಗಿ ನಡೆಸುತ್ತಿದ್ದಾನೆ. ಕಪಾಟಿನಲ್ಲಿಟ್ಟು ಧೂಳು ಒರೆಸುವ ಪ್ರಶ್ನೆ ಅವನಿಗೆ ಬಂದೇ ಇಲ್ಲ. ಹಲ್ಲು ಸವೆದರೆ ಹಲ್ಲು, ಸ್ಪ್ರಿಂಗು ಸಡಿಲಾದರೆ ಸ್ಪ್ರಿಂಗು. ಒಂದು ಜಕಾರ್ಡ್ ಕೆಟ್ಟರೆ ಅದರ ಅಂಗಾಂಗ ಇನ್ನೊಂದಕ್ಕೆ ಹೋಗುತ್ತದೆ.

ಅಲ್ಲಿಯ ಹಿರಿಯ ನೇಕಾರರೊಬ್ಬರನ್ನು ಇದರಲ್ಲಿ ಬೆಲೆಬಾಳುವುದು ಯಾವುದೆಂದು ಕೇಳಿದೆವು. ಮಗ್ಗ, ಮೋಟಾರು ಎಂಬ ಉತ್ತರ ನಾವು ನಿರೀಕ್ಷಿಸಿದ್ದು. ಅವರು ಮೇಲೆ ಗೂಟಕ್ಕೆ ತೂಗುಹಾಕಿದ್ದ ರಟ್ಟಿನ ಕಟ್ಟುಗಳನ್ನು ತೋರಿಸಿದರು. “ಮಗ್ಗ ಹ್ವಾದ್ರ ಇನ್ನೊಂದ ತರಬೌದ್ರಿ ಸಾಹೇಬ್ರ. ಡಿಜೈನದ ಕಾರ್ಡ ಹ್ವಾದ್ರ ಯಾರನ್ನ ಕೇಳೂನು? ತಗದಾಂವನ ಇಲ್ಲ ಈಗ.”

ಹಳೆ ಕಂಪ್ಯೂಟರ್ ಸಂಗ್ರಹದ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾವು ಎಲ್ಲಿಯೂ ಓದಿಲ್ಲ. ರಟ್ಟಿಲ್ಲದ ಜಕಾರ್ಡ್ ಒಂದು ಕಬ್ಬಿಣದ ಚೌಕಟ್ಟು. ಅದರಲ್ಲಿ ನಡೆದ ಬರಹವಿಲ್ಲದ ಕಂಪ್ಯೂಟರೂ ಹಾಗೆಯೇ. ಸಂಗ್ರಾಹಕರು ಚೌಕಟ್ಟನ್ನು ಉಜ್ಜಿ ಹೊಳೆಯಿಸುತ್ತಿದ್ದಾರೆ. ನಮ್ಮ ರಟ್ಟುಗಳು ಎಲ್ಲಿವೆ?

ಅವು ಡಿಟಿಪಿ ಅಂಗಡಿಗಳಲ್ಲಿವೆ, ಇಲ್ಲವೆ ಇದ್ದವು. 1990ರ ದಶಕದಲ್ಲಿ ಅಚ್ಚುಮೊಳೆ ಜೋಡಿಸುವ ಪ್ರೆಸ್ಸುಗಳು ಒಂದೊಂದಾಗಿ ಮುಚ್ಚಿ ಬಸ್‌ಸ್ಟ್ಯಾಂಡಿನ ಆಸುಪಾಸಿನ ಸಣ್ಣ ಗಾಳಗಳಲ್ಲಿ ಈ ಅಂಗಡಿಗಳು ತೆರೆದವು. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಪೇಜ್‌ಮೇಕರ್ ತಂತ್ರಾಂಶ, ಒಂದು ಕನ್ನಡ ಫಾಂಟಿನ ಕಟ್ಟು. ಶ್ರೀಲಿಪಿ, ಪ್ರಕಾಶಕ್, ಆಮೇಲೆ 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಇವುಗಳಿಗಿಂತ ಮೊದಲು ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಕನ್ನಡಕ್ಕೆ ತರ್ಕಬದ್ಧ ಕೀಲಿಮಣೆಯನ್ನು ರೂಪಿಸಿ ‘ಸೇಡಿಯಾಪು’ ತಂತ್ರಾಂಶವನ್ನು ಯಾರ ಕೈಯಿಂದಲೂ ದುಡ್ಡು ಪಡೆಯದೆ ಹಂಚಿದ್ದರು. ಕರ್ನಾಟಕ ಸರ್ಕಾರ ಒಪ್ಪಿಕೊಂಡ ಕೀಲಿಮಣೆಯ ಮೂಲವೂ ಅವರದೇ. ಇಷ್ಟು ಹೆಸರುಗಳು ಕನ್ನಡ ಸಾಹಿತ್ಯದ ಇತಿಹಾಸದ ಪುಸ್ತಕಗಳಲ್ಲಿ ಬಂದಿರುವುದು ಎಷ್ಟು ಸಲ? ಕವಿಯ ಗುರು ಯಾರೆಂದು ಪುಟಗಟ್ಟಲೆ ಬರೆಯುವ ನಮ್ಮ ವಿಮರ್ಶಕರು ಆ ಕವನ ಯಾವ ಅಕ್ಷರದಲ್ಲಿ ಕೂತು ಅಚ್ಚಾಯಿತೆಂದು ಕೇಳುವುದಿಲ್ಲ.

ಈ ಅಕ್ಷರಗಳ ಸಂಸಾರ ಸ್ವಲ್ಪ ತಿಳಿದುಕೊಳ್ಳಬೇಕು. ಯುನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯಲ್ಲಿ ಕನ್ನಡಕ್ಕೆ 1991ರಲ್ಲೇ ಸ್ವಂತ ಜಾಗ ಸಿಕ್ಕಿತು. ಆದರೆ ಆ ಜಾಗದಲ್ಲಿ ಕೂತು ಬರೆಯಲು ಬೇಕಾದ ವ್ಯವಸ್ಥೆ ಸಾಮಾನ್ಯರ ಮೇಜಿಗೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯ ಮೇಲೆ. ಪೇಜ್‌ಮೇಕರಿಗಂತೂ ಅದು ಕೊನೆಯವರೆಗೂ ದಕ್ಕಲಿಲ್ಲ. ಆದ್ದರಿಂದ ಕನ್ನಡ ಹಲವು ವರ್ಷ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇತ್ತು. ‘ನುಡಿ’ಯ ಹಳೆ ಫಾಂಟಿನಲ್ಲಿ ಇಂಗ್ಲಿಷಿನ ‘ಪಿ’ ಅಕ್ಷರದ ಮನೆಯೊಳಗೆ ತಲೆಕಟ್ಟಿಲ್ಲದ ‘ಕ’ ಇರುತ್ತದೆ. ಅದರ ತಲೆಕಟ್ಟು ಇನ್ನೊಂದು ಮನೆಯಲ್ಲಿ, ‘ಎ’ ಅಕ್ಷರದ ಮೇಲೆ ಗೀಟು ಎಳೆದ ವಿಚಿತ್ರ ಗುರುತೊಂದರ ಒಳಗೆ. ಎರಡನ್ನೂ ಕೂಡಿಸಿದರೆ ಪರದೆಯ ಮೇಲೆ ‘ಕ’. ಶ್ರೀಲಿಪಿಯಲ್ಲಿ ಬೇರೆ ಮನೆ, ಪ್ರಕಾಶಕ್‌ನಲ್ಲಿ ಮತ್ತೂ ಬೇರೆ. ಫಾಂಟು ಹೋಯಿತೆಂದರೆ ಬಾಡಿಗೆದಾರ ಮಾಯ, ಮನೆ ಮಾಲೀಕ ಮಾತ್ರ ಉಳಿಯುತ್ತಾನೆ. ಇಡೀ ಕಾದಂಬರಿ ಟೋಪಿ ಕೊಂಬುಗಳಿರುವ ಇಂಗ್ಲಿಷ್ ಅಕ್ಷರಗಳ ಕಸವಾಗಿ ಕಾಣುತ್ತದೆ.

ಉರ್ದುವಿನ ಪಾಡು ಇನ್ನೂ ಬೇರೆ. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ‘ಜಿಸ್ಟ್’ ಕಾರ್ಡನ್ನು ಕಂಪ್ಯೂಟರಿನೊಳಗೆ ಸಿಕ್ಕಿಸಿದರೆ ಡಾಸ್ ಕಾಲದಲ್ಲೇ ಕನ್ನಡ, ಹಿಂದಿ, ತಮಿಳು ಬರೆಯಬಹುದಿತ್ತು. ಅದು ಬಳಸಿದ ‘ಇಸ್ಕಿ’ ಸಂಕೇತ ಪದ್ಧತಿಯಲ್ಲಿ ಕನ್ನಡದ ‘ಕ’ಕ್ಕೂ ದೇವನಾಗರಿಯ ‘ಕ’ಕ್ಕೂ ಒಂದೇ ಸಂಖ್ಯೆ. ಬ್ರಾಹ್ಮಿಯ ಮಕ್ಕಳೆಲ್ಲ ಒಂದೇ ಮನೆಯವರೆಂಬ ಸುಂದರ ಕಲ್ಪನೆ ಅದು. ಬಲದಿಂದ ಎಡಕ್ಕೆ ನಡೆಯುವ ಉರ್ದು ಆ ಮನೆಯಲ್ಲಿ ಹಿಡಿಸಲಿಲ್ಲ. ಅದಕ್ಕೆ ಬೇರೆಯೇ ಪಟ್ಟಿ ಮಾಡಬೇಕಾಯಿತು. ಇದರಲ್ಲಿ ಯಾರ ದುರುದ್ದೇಶವನ್ನೂ ನಾವು ಕಾಣುವುದಿಲ್ಲ, ಲಿಪಿಯ ಸ್ವಭಾವವೇ ಹಾಗೆ. ನಸ್ತಾಲೀಕ್ ಬರವಣಿಗೆಯಲ್ಲಿ ಅಕ್ಷರಗಳು ಸಾಲಾಗಿ ನಿಲ್ಲುವುದಿಲ್ಲ, ಇಳಿಜಾರಿನಲ್ಲಿ ಒಂದರ ಹೆಗಲ ಮೇಲೊಂದು ಇಳಿದು ಬರುತ್ತವೆ. ಅದಕ್ಕಾಗಿಯೇ ಉರ್ದು ಪತ್ರಿಕೆಗಳು ಬಹಳ ಕಾಲ ಕಾತಿಬರ ಕೈಬರಹವನ್ನು ನೆಚ್ಚಿಕೊಂಡಿದ್ದವು. ಪಾಕಿಸ್ತಾನದ ಮಿರ್ಜಾ ಅಹ್ಮದ್ ಜಮೀಲ್ ಸುಮಾರು 20 ಸಾವಿರ ಜೋಡಿರೂಪಗಳನ್ನು ಕೈಯಿಂದ ಬರೆದು ‘ನೂರಿ ನಸ್ತಾಲೀಕ್’ ಸಿದ್ಧಪಡಿಸಿದರು. 1981ರಲ್ಲಿ ಲಾಹೋರಿನ ‘ಜಂಗ್’ ಪತ್ರಿಕೆ ಅದರಲ್ಲಿ ಹೊರಬಂದಿತು. 1994ರಲ್ಲಿ ದಿಲ್ಲಿಯ ಕಂಪನಿಯೊಂದು ತಂದ ‘ಇನ್‌ಪೇಜ್’ ತಂತ್ರಾಂಶದ ಮೂಲಕ ಅದೇ ಲಿಪಿ ನಮ್ಮಂಥ ಸಣ್ಣ ಊರುಗಳಿಗೂ ಬಂತು. ನಿಕಾಹ್ ಪತ್ರಿಕೆ, ಜಲ್ಸಾದ ಇಶ್ತಿಹಾರ್, ಮದರಸಾದ ಸನದು, ರಮಜಾನಿನ ವೇಳಾಪಟ್ಟಿ, ಊರ ಶಾಯರರ ನೂರು ಪುಟದ ಸಂಕಲನ ಎಲ್ಲವೂ ಅದರಲ್ಲೇ.

ಜಮಖಂಡಿಯ ಒಂದು ಅಂಗಡಿಯಲ್ಲಿ ನಾವು ಕಂಡ ಯಂತ್ರ ಹೀಗಿತ್ತು. ಹಳೆಯ ಪೆಂಟಿಯಂ, ಬಣ್ಣ ಯಾವಾಗಲೋ ಹೋಗಿದೆ. ಹಿಂಭಾಗದಲ್ಲಿ ಪ್ರಿಂಟರಿನ ವೈರು ಸಿಕ್ಕಿಸುವ ಅಗಲ ಬಾಯಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ತುಂಡೊಂದನ್ನು ಹಾಕಿದ್ದರು. ಅದು ಕನ್ನಡ ಫಾಂಟಿನ ಲಾಕು. ಅದು ಇಲ್ಲದಿದ್ದರೆ ತಂತ್ರಾಂಶ ತೆರೆಯದು, ಕಳ್ಳಪ್ರತಿ ತಡೆಯಲು ಕಂಪನಿಗಳು ಮಾಡಿದ ಉಪಾಯ. ಅದರ ಬೆನ್ನಿಗೆ ಇನ್ನೊಂದು ತುಂಡು, ಉರ್ದುವಿನ ಲಾಕು. ಅದರ ಬೆನ್ನಿಗೆ ಪ್ರಿಂಟರು. ಒಂದು ಬದಿ ಕನ್ನಡ, ಒಂದು ಬದಿ ಉರ್ದು ಇರುವ ಮದುವೆ ಪತ್ರಿಕೆ ಆ ಎರಡು ಬಾಗಿಲುಗಳನ್ನು ದಾಟಿಯೇ ಕಾಗದಕ್ಕೆ ಇಳಿಯಬೇಕು. ನಮ್ಮ ಸೀಮೆಯ ಸಾಮಾಜಿಕ ಇತಿಹಾಸ ಬರೆಯುವವರಿಗೆ ಇದಕ್ಕಿಂತ ಸ್ಪಷ್ಟವಾದ ವಸ್ತು ಸಿಗಲಾರದು. ಆದರೆ ಯಾವ ಸಂಗ್ರಾಹಕನ ಪಟ್ಟಿಯಲ್ಲೂ ಇದಕ್ಕೆ ಬೆಲೆಯಿಲ್ಲ. ಜೋಡಿಸಿದ ಯಂತ್ರ, ಕಂಪನಿಯ ಹೆಸರೂ ಇಲ್ಲ. ಗುಜರಿಯವನು ತೂಕಕ್ಕೆ ಒಯ್ಯುತ್ತಾನೆ.

ಅದನ್ನು ಇನ್ನೂ ಉಸಿರಾಡಿಸುತ್ತಿರುವವರು ಆ ಅಂಗಡಿಯ ಮಾಲೀಕರಲ್ಲ, ಪಕ್ಕದ ಓಣಿಯ ಮೆಕ್ಯಾನಿಕ್. ಮೊದಲು ರೇಡಿಯೋ, ಆಮೇಲೆ ಟಿವಿ, ಆಮೇಲೆ ಮಾನಿಟರು, ಈಗ ಮೊಬೈಲು. ಮೊಬೈಲಿನಿಂದ ಮನೆ ನಡೆಯುತ್ತದೆ, ಹಳೆ ಕಂಪ್ಯೂಟರು ಅವರ ಖುಷಿ. ಅವರು ತಮ್ಮನ್ನು ಹವ್ಯಾಸಿ ಎಂದುಕೊಂಡದ್ದಿಲ್ಲ. ನಾವು ಹಾಗೆಂದಾಗ ನಕ್ಕರು. “ಅದೆಲ್ಲಾ ದೊಡ್ಡವ್ರದು ಭಾಯಿ. ನಮ್ದು ಚಟ.”

ಈ ಚಟದಲ್ಲಿ ಎಷ್ಟು ವಿದ್ಯೆಯಿದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 386, 486ರ ಕಾಲದ ಬೋರ್ಡುಗಳ ಮೇಲೆ ಗಡಿಯಾರ ನಡೆಸಲು ಪೀಪಾಯಿ ಆಕಾರದ ಪುಟ್ಟ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸುಗೆ ಹಾಕಿರುತ್ತಾರೆ. ಮೂಲೆಗಿಟ್ಟು ಹತ್ತು ಹದಿನೈದು ವರ್ಷವಾದರೆ ಅದು ಸೋರುತ್ತದೆ. ಸೋರಿದ್ದು ಕ್ಷಾರ. ಅದು ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತ ಹೋಗುತ್ತದೆ. ಆದ್ದರಿಂದ ಹಳೆಯ ಯಂತ್ರ ಕೈಗೆ ಬಂದರೆ ಮೊದಲು ಸ್ವಿಚ್ಚು ಹಾಕುವುದಲ್ಲ, ಬಿಚ್ಚಿ ಆ ಬ್ಯಾಟರಿಯನ್ನು ಕತ್ತರಿಸಿ ತೆಗೆಯುವುದು. ಹಸಿರುಗಟ್ಟಿದ ಜಾಗವನ್ನು ವಿನೆಗರಿನಿಂದಲೋ ಲಿಂಬೆರಸದಿಂದಲೋ ತೊಳೆದು, ನೀರಿನಿಂದ ಒರೆಸಿ, ಸ್ಪಿರಿಟ್ ಹಚ್ಚಿ ಒಣಗಿಸುತ್ತಾರೆ. ಗೆರೆ ಕಡಿದಿದ್ದರೆ ಕೂದಲೆಳೆಯಂಥ ತಂತಿ ಹಾಕಿ ಸೇರಿಸುತ್ತಾರೆ. 2000ದ ಆಸುಪಾಸಿನ ಬೋರ್ಡುಗಳಾದರೆ ರೋಗ ಬೇರೆ. ಆ ವರ್ಷಗಳಲ್ಲಿ ಜಗತ್ತಿನಾದ್ಯಂತ ಕಳಪೆ ಕೆಪಾಸಿಟರುಗಳು ಬಂದವು. ಅವುಗಳ ತಲೆ ಉಬ್ಬಿ ಒಡೆಯುತ್ತದೆ. ಸಾಲಾಗಿ ಎಂಟು ಹತ್ತು ಬದಲಿಸಿದರೆ ಸತ್ತ ಯಂತ್ರ ಎದ್ದು ಕೂರುವುದುಂಟು. ಹಳೆ ಮಾನಿಟರಿನ ಪಿಕ್ಚರ್ ಟ್ಯೂಬನ್ನು ಮಾತ್ರ ಗೊತ್ತಿಲ್ಲದವರು ಮುಟ್ಟಕೂಡದು. ವೈರು ಕಿತ್ತಿಟ್ಟ ಮೇಲೂ ಅದರಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಫ್ಲಾಪಿಗಳಿಗೆ ಶತ್ರು ಬೂಷ್ಟು. ಬೂಷ್ಟು ಹಿಡಿದ ಫ್ಲಾಪಿಯನ್ನು ಹಾಗೇ ತುರುಕಿದರೆ ಅದೂ ಕೆಡುತ್ತದೆ, ಓದುವ ಡ್ರೈವಿನ ತಲೆಯೂ ಕೆಡುತ್ತದೆ. ಜೊತೆಗೆ ಮುಂದೆ ಅದರೊಳಗೆ ಹೋಗುವ ಒಳ್ಳೆಯ ಫ್ಲಾಪಿಗಳೂ ಗೀಚಿಹೋಗುತ್ತವೆ. ಒಂದು ಯಂತ್ರ ಕೆಟ್ಟಿದೆಯೆಂದು ನಾವು ಹೇಳಿದಾಗ ಆ ಮೆಕ್ಯಾನಿಕ್ ಅದನ್ನು ಒಪ್ಪಲಿಲ್ಲ. “ಕೆಟ್ಟಿಲ್ರೀ, ವಯಸ್ಸಾಗೇತಿ ಅಷ್ಟ” ಎಂದರು.

ಗುಜರಿ, ರಿಪೇರಿ, ಗ್ಯಾರೇಜು ಎಂಬ ಈ ಲೋಕದಲ್ಲಿ ನಮ್ಮ ಊರುಗಳ ಮುಸ್ಲಿಮರ ಪಾಲು ದೊಡ್ಡದೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಶಾಲೆ ಬಿಟ್ಟ ಹುಡುಗನನ್ನು ಉಸ್ತಾದರ ಕೈಗೆ ಒಪ್ಪಿಸುವ ರೂಢಿಯಿಂದ ಬಂದ ವಿದ್ಯೆ ಇದು. ಇದೇ ವಿದ್ಯೆಯನ್ನು ಬೆಂಗಳೂರಿನ ಇಂಜಿನಿಯರ್ ಭಾನುವಾರ ಮಾಡಿದರೆ ಅದು ಪರಂಪರೆಯ ಸಂರಕ್ಷಣೆ, ಜಮಖಂಡಿಯ ಮೆಕ್ಯಾನಿಕ್ ವಾರವಿಡೀ ಮಾಡಿದರೆ ಬರೀ ರಿಪೇರಿ. ಈ ಭೇದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ವ್ಯಾಪಾರದಲ್ಲಿ ಕಾಣಿಸುತ್ತದೆ. ಒಂದು ಉದಾಹರಣೆ. ನಮ್ಮ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ‘ಟಿವಿಎಸ್ ಗೋಲ್ಡ್’ ಎಂಬ ಗಟ್ಟಿಮುಟ್ಟಾದ ಕೀಬೋರ್ಡು ಇರುತ್ತಿತ್ತು. ಪ್ರತಿ ಗುಂಡಿಯ ಕೆಳಗೂ ಪ್ರತ್ಯೇಕ ಸ್ಪ್ರಿಂಗು, ಒತ್ತಿದರೆ ಟಕ್ಕೆಂಬ ಸದ್ದು. ಈಗ ಆ ಸದ್ದಿಗೆ ನಗರದ ಹುಡುಗರು ಮರುಳಾಗಿದ್ದಾರೆ. ಗುಜರಿಯಲ್ಲಿ ಚಿಲ್ಲರೆಗೆ ಸಿಕ್ಕಿದ್ದನ್ನು ತೊಳೆದು, ಸವೆದ ಗುಂಡಿಯ ಟೋಪಿಗಳನ್ನು ಕಿತ್ತು ಹೊಸದು ಹಾಕಿ ಒಳ್ಳೆ ಬೆಲೆಗೆ ಮಾರುತ್ತಾರೆ. ಕಿತ್ತೆಸೆದ ಟೋಪಿಗಳ ಮೇಲೆ ಯಾರೋ ಆಪರೇಟರ್ ಹುಡುಗಿ ಅಂಟಿಸಿದ್ದ ಕನ್ನಡ ಅಕ್ಷರಗಳ ಚೀಟಿಗಳಿದ್ದವು. ಸವೆದದ್ದು ಯಾವ ಗುಂಡಿ ಎಂದು ನೋಡಿದರೆ ಕನ್ನಡದಲ್ಲಿ ಯಾವ ಅಕ್ಷರ ಹೆಚ್ಚು ನಡೆಯುತ್ತದೆ ಎಂಬುದೇ ಗೊತ್ತಾಗುತ್ತಿತ್ತು. ಅದು ಕೊಂಡವನಿಗೆ ಬೇಡದ ವಿಷಯ.

ಇನ್ನೊಂದು ತುದಿಯಲ್ಲಿ ಯಂತ್ರವನ್ನು ಪೂರ್ತಿ ಕೊಲ್ಲುವ ವ್ಯಾಪಾರವಿದೆ. ಹಳೆಯ ಬೋರ್ಡು, ಪ್ರೊಸೆಸರುಗಳ ಕಾಲುಗಳಲ್ಲಿ ತುಸು ಚಿನ್ನವಿರುತ್ತದೆ. ಅದಕ್ಕಾಗಿ ಅವನ್ನು ಆಮ್ಲದಲ್ಲಿ ಅದ್ದುತ್ತಾರೆ. ಹಳೆಯದಾದಷ್ಟೂ ಚಿನ್ನ ಹೆಚ್ಚು, ಹೀಗಾಗಿ ಉಳಿಸಬೇಕಾದದ್ದೇ ಮೊದಲು ಸಾಯುತ್ತದೆ. ವಿದ್ಯುನ್ಮಾನ ಕಸದ ಬಗ್ಗೆ ದೇಶದಲ್ಲಿ 2012ರ ಮೇ ತಿಂಗಳಿಂದ ನಿಯಮಗಳು ಜಾರಿಗೆ ಬಂದವು, 2023ರ ಏಪ್ರಿಲ್‌ನಿಂದ ಹೊಸ ನಿಯಮಗಳೂ ಬಂದವು. ಆಮ್ಲದ ಹೊಗೆ ಕುಡಿಯುವ ಹುಡುಗರ ದೃಷ್ಟಿಯಿಂದ ಇವು ಬೇಕಾದವೇ. ಆದರೆ ಈ ನಿಯಮಗಳ ಕಣ್ಣಿನಲ್ಲಿ ಯಂತ್ರ ಎಂದರೆ ಸೀಸ, ತಾಮ್ರ, ಪ್ಲಾಸ್ಟಿಕ್ಕು. ಅದರ ಹೊಟ್ಟೆಯಲ್ಲಿ ಒಂದು ಊರಿನ ಬರವಣಿಗೆ ಇರಬಹುದೆಂಬ ಎಣಿಕೆ ಅಲ್ಲಿಲ್ಲ.

ನಮ್ಮ ಮಾತಿಗೆ ಎದುರುವಾದವೂ ಇದೆ. ‘ನುಡಿ’ಯ ಹಳೆ ಬರಹವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಡಾಸ್ ಕಾಲದ ತಂತ್ರಾಂಶವನ್ನು ಇಂದಿನ ಕಂಪ್ಯೂಟರಿನಲ್ಲೇ ನಡೆಸುವ ‘ಡಾಸ್‌ಬಾಕ್ಸ್’ 2002ರಿಂದ ಇದೆ. ಫ್ಲಾಪಿಯ ಮೇಲಿನ ಕಾಂತೀಯ ಗುರುತುಗಳನ್ನೇ ಇಡಿಯಾಗಿ ನಕಲು ಮಾಡುವ ಸಣ್ಣ ಸಲಕರಣೆಗಳು ಬಂದಿವೆ. ಹೀಗಿರುವಾಗ ಧೂಳಿನ ಡಬ್ಬಿಗಳೇಕೆ? ಪ್ರಶ್ನೆ ನ್ಯಾಯವಾದದ್ದೇ. ಬರೀ ಪದಗಳಷ್ಟೇ ಬೇಕಿದ್ದಲ್ಲಿ ಪರಿವರ್ತಕ ಸಾಕು. ಅರ್ಕಾವೊತ್ತು, ಒತ್ತಕ್ಷರಗಳಲ್ಲಿ ಅಲ್ಲಲ್ಲಿ ಎಡವಿದರೂ ತಿದ್ದಿಕೊಳ್ಳಬಹುದು. ಆದರೆ ಲಾಕಿನ ಹಿಂದೆ ಕೂತ ತಂತ್ರಾಂಶಕ್ಕೆ ನಿಜವಾದ ಲಾಕು, ಅದನ್ನು ಸಿಕ್ಕಿಸುವ ನಿಜವಾದ ಬಾಯಿ ಬೇಕು. ಇಂದಿನ ಲ್ಯಾಪ್‌ಟಾಪುಗಳಿಗೆ ಆ ಬಾಯಿಯೇ ಇಲ್ಲ. ಇನ್‌ಪೇಜಿನ ಹಳೆಯ ಕಡತದಿಂದ ಉರ್ದು ಪದಗಳನ್ನು ಹೊರತೆಗೆದರೂ ಪುಟ ಬರುವುದಿಲ್ಲ. ಶೇರ್‌ನ ಎರಡು ಸಾಲು ಸಮನಾಗಿ ನಿಲ್ಲಲು ಎಳೆದ ಎಳೆತ, ಬಿಟ್ಟ ಬಿಡುವು ಯಾವುದೂ ಬರುವುದಿಲ್ಲ. ಗಝಲ್ ಓದುವವರಿಗೆ ಅದರ ನಷ್ಟ ಗೊತ್ತು. ಇದಕ್ಕಿಂತ ಮುಖ್ಯವಾಗಿ, ನಕಲು ತೆಗೆಯಬೇಕಾದರೂ ಒಮ್ಮೆ ಫ್ಲಾಪಿ ತಿರುಗಬೇಕಲ್ಲ? ಸೋನಿ ಕಂಪನಿ ಮೂರೂವರೆ ಅಂಗುಲದ ಫ್ಲಾಪಿ ಮಾರುವುದನ್ನು 2011ರಲ್ಲಿ ನಿಲ್ಲಿಸಿತು. ಉಳಿದಿರುವ ಡ್ರೈವುಗಳೆಲ್ಲ ಹಳೆಯವು. ಅವನ್ನು ಎಣ್ಣೆ ಹಾಕಿ ತಿರುಗಿಸಬಲ್ಲ ಕೈಗಳೂ ಹಳೆಯವಾಗುತ್ತಿವೆ.

ನಗರದ ಸಂಗ್ರಾಹಕರಿಗೆ ಕರ್ನಾಟಕದ್ದೇ ಆದ ಒಂದು ವಸ್ತು ಬೇಕಿದ್ದರೆ ಸಿಂಪ್ಯೂಟರ್ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ಬಡವರಿಗೆಂದು, ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವಂತೆ ರೂಪಿಸಿದ ಕೈಯಂತ್ರ ಅದು. 2004ರಲ್ಲಿ ಬಿಇಎಲ್ ತಯಾರಿಸಿದ ಮಾದರಿ ಮಾರುಕಟ್ಟೆಗೆ ಬಂತು, ಹೆಚ್ಚು ಓಡಲಿಲ್ಲ. ಸೋತ ಯಂತ್ರ ಎಂಬ ಕಾರಣಕ್ಕೇ ಅದರ ಬಗ್ಗೆ ನಮಗೆ ಅಕ್ಕರೆ. ಗೆದ್ದ ಯಂತ್ರಗಳಾದರೋ ಯಾರಿಗೂ ನೆನಪಿಲ್ಲ. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಅಂದಿನ 177 ತಾಲೂಕುಗಳ ಸುಮಾರು 2 ಕೋಟಿ ಪಹಣಿಗಳು 2002ರ ಹೊತ್ತಿಗೆ ಕಂಪ್ಯೂಟರಿಗೆ ಸೇರಿದವು. ಜಮಖಂಡಿ, ಮುಧೋಳ, ಬೀಳಗಿಯ ರೈತರು ಕಂಪ್ಯೂಟರ್ ಎಂಬುದನ್ನು ಮೊದಲು ಎದುರಿಸಿದ್ದು ತಹಶೀಲ್ದಾರ ಕಚೇರಿಯ ಆ ಕಿಟಕಿಯಲ್ಲೇ. ತನ್ನ ಹೊಲದ ಸರ್ವೆ ನಂಬರು ಪರದೆಯ ಮೇಲೆ ಕನ್ನಡದಲ್ಲಿ ಮೂಡಿದ್ದನ್ನು ಕಂಡ ರೈತನಿಗೆ ಯಾವ ಆ್ಯಪಲ್-1 ಸಾಟಿ? ಆ ಮೊದಲ ಪೆಟ್ಟಿಗೆಗಳಲ್ಲಿ ಒಂದನ್ನಾದರೂ ಗಾಜಿನ ಹಿಂದೆ ಇಟ್ಟದ್ದನ್ನು ನಾವು ಎಲ್ಲಿಯೂ ನೋಡಿಲ್ಲ.

ನಮ್ಮವರನ್ನೂ ಬಿಡುವಂತಿಲ್ಲ. ಉರ್ದು ಸಾಯುತ್ತಿದೆ ಎಂದು ಪ್ರತಿ ಮುಶಾಯಿರಾದಲ್ಲೂ ಅಳುವವರಿದ್ದಾರೆ. ಸಂಕಲನ ಅಚ್ಚಾದ ಮೇಲೆ ಅದರ ಕಡತ ಎಲ್ಲಿ ಎಂದು ಕೇಳಿದರೆ ಡಿಟಿಪಿಯವನತ್ತ ಕೈ ತೋರಿಸುತ್ತಾರೆ. ಡಿಟಿಪಿಯವನು ಅಂಗಡಿ ಮುಚ್ಚಿ ಝೆರಾಕ್ಸ್ ಇಟ್ಟಿದ್ದಾನೆ. ಕನ್ನಡದ ಸಣ್ಣ ಪತ್ರಿಕೆಗಳ ಸ್ಥಿತಿಯೂ ಭಿನ್ನವಲ್ಲ. ನಾವು ಕತೆ ಬರೆಯಲು ಕೂತ ವರ್ಷಗಳಲ್ಲಿ ಬಂದು ನಿಂತುಹೋದ ಎಷ್ಟೋ ಮಾಸಿಕಗಳ ಸಂಚಿಕೆಗಳು ಗ್ರಂಥಾಲಯಗಳಲ್ಲಿಲ್ಲ. ಇರುವುದಾದರೆ ಯಾವುದೋ ಕಪಾಟಿನ ಫ್ಲಾಪಿಯಲ್ಲಿ ಇರಬೇಕು. ಸಂಗ್ರಾಹಕ ಮಿತ್ರರಲ್ಲಿ ನಮ್ಮ ಕೋರಿಕೆ ಇಷ್ಟೆ. ಒಂದು ಯಂತ್ರವನ್ನು ಕೊಳ್ಳುವಾಗ ಅದರ ಜೊತೆಗಿರುವ ಫ್ಲಾಪಿ ಡಬ್ಬಿಯನ್ನೂ ಕೇಳಿ ತೆಗೆದುಕೊಳ್ಳಲಿ. ಹಿಂಭಾಗದಲ್ಲಿ ಲಾಕು ಇದ್ದರೆ ಕಿತ್ತೆಸೆಯದಿರಲಿ. ಹಾರ್ಡ್‌ಡಿಸ್ಕನ್ನು ಒರೆಸುವ ಮೊದಲು ಅದರಲ್ಲಿ ಯಾವ ಫಾಂಟುಗಳಿವೆ ಎಂದು ನೋಡಲಿ, ಯಾರ ಬರಹವೋ ಅವರನ್ನು ಕೇಳಿಯೇ ತೆರೆಯಲಿ. ಬೆಲೆ ಕಟ್ಟುವಾಗ ಪ್ಲಾಸ್ಟಿಕ್ಕಿನ ಬಿಳುಪಿಗೆ ಕೊಡುವ ಅಂಕಗಳಲ್ಲಿ ಒಂದೆರಡನ್ನು ಇದಕ್ಕೂ ಕೊಡಲಿ.

ಬೀಳಗಿ ತಾಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟವರು ಅವರು. ಮುಳುಗಡೆಯ ನೋಟೀಸು ಬಂದಾಗ ಬಾಗಿಲು, ತೊಲೆ, ಜಂತಿಗಳನ್ನು ಬಿಚ್ಚಿ ಬಂಡಿಗೆ ಹೇರಿದರು. ಬೆಲೆ ಬರುತ್ತಿದ್ದುದು ಅವಕ್ಕೇ. ಗೋಡೆಯ ಗೂಡಿನಲ್ಲಿದ್ದ ಕಾಗದಪತ್ರ, ಹಳೆ ಕೈಬರಹಗಳು ಎಷ್ಟು ಮನೆಗಳಲ್ಲಿ ಉಳಿದವು? 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಮುಧೋಳದ ಓಣಿಗಳಿಗೆ ನುಗ್ಗಿದಾಗಲೂ ನಾವು ಅದನ್ನೇ ನೋಡಿದೆವು. ನೀರು ಇಳಿದ ಮೇಲೆ ಪರಿಚಿತರೊಬ್ಬರ ಡಿಟಿಪಿ ಅಂಗಡಿಗೆ ಹೋಗಿದ್ದೆವು. ಹೊಸ ಕಂಪ್ಯೂಟರು, ಪ್ರಿಂಟರುಗಳನ್ನು ರಾತ್ರೋರಾತ್ರಿ ಮಾಳಿಗೆಗೆ ಸಾಗಿಸಿ ಉಳಿಸಿಕೊಂಡಿದ್ದರು. ಮೇಜಿನ ಕೆಳಗಿನ ಖಾನೆಯಲ್ಲಿದ್ದ ಫ್ಲಾಪಿ ಡಬ್ಬಿ ಕೆಸರಿನಲ್ಲಿ ತುಂಬಿಹೋಗಿತ್ತು. ಮೇಲಿನ ಚೀಟಿಗಳ ಶಾಯಿ ಕರಗಿ ಹೋಗಿದ್ದರಿಂದ ಯಾವುದರಲ್ಲಿ ಯಾರ ಪುಸ್ತಕವಿತ್ತೆಂದು ಅವರಿಗೂ ಹೇಳಲಾಗಲಿಲ್ಲ. ಒಂದೊಂದನ್ನೇ ನಲ್ಲಿಯ ನೀರಿನಲ್ಲಿ ತೊಳೆದು ನೆರಳಿನಲ್ಲಿ ಸಾಲಾಗಿ ಒಣಹಾಕಿದ್ದರು. ಜಮಖಂಡಿಯ ಮೆಕ್ಯಾನಿಕ್ ಅವುಗಳಲ್ಲಿ ಹನ್ನೊಂದನ್ನು ಚೀಲದಲ್ಲಿ ಹಾಕಿಕೊಂಡು ಹೋದರು. ನಾಲ್ಕು ತೆರೆದಿವೆ.